ರಕ್ತನಾಳಗಳ ಅಲ್ಟ್ರಾಸೌಂಡ್: ಸ್ಕ್ಯಾನಿಂಗ್‌ನಿಂದ ಸಂಶೋಧನೆ ಮತ್ತು ಬೋಧನೆಯ ಕಡೆಗೆ

ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿ ಕತ್ತಿನಲ್ಲಿ ಎಷ್ಟು ಕಿರಿದಾಗಿದೆ ಎಂದು ತಿಳಿಯಲು, ಅಲ್ಟ್ರಾಸೌಂಡ್ ಅಲೆಗಳಿಂದ ರಕ್ತದ ಹರಿವನ್ನು ನೋಡುವ ಡಾಪ್ಲರ್ ಪರೀಕ್ಷೆಯಲ್ಲಿ ನಾವು ಮುಖ್ಯವಾಗಿ ಅಳೆಯುವುದು ರಕ್ತದ ವೇಗವನ್ನು. ದಾರಿ ಇಕ್ಕಟ್ಟಾದಲ್ಲಿ ರಕ್ತ ಜೋರಾಗಿ ನುಗ್ಗುತ್ತದೆ. ಆ ವೇಗ ಸೆಕೆಂಡಿಗೆ 230 ಸೆಂಟಿಮೀಟರ್ ದಾಟಿದರೆ ನಾಳ ಶೇ 70 ಅಥವಾ ಅದಕ್ಕಿಂತ ಹೆಚ್ಚು ಮುಚ್ಚಿಕೊಂಡಿದೆ ಎಂದು ಎಣಿಸಬೇಕೆಂದು ಅಮೆರಿಕದ ತಜ್ಞರ ಸಮಿತಿಯೊಂದು 2003ರಲ್ಲಿ ಸೂಚಿಸಿತು. ಶೇ 70ಕ್ಕೆ ಯಾಕಿಷ್ಟು ಮಹತ್ವ? 1991ರಲ್ಲಿ ಪ್ರಕಟವಾದ ನಾಸೆಟ್ ಅಧ್ಯಯನದಲ್ಲಿ, ಈ ಮಟ್ಟಕ್ಕೆ ನಾಳ ಕಿರಿದಾಗಿ ಒಮ್ಮೆ ಲಕ್ವದ ಲಕ್ಷಣ ಕಂಡವರ ಪೈಕಿ ಔಷಧಿ ಮಾತ್ರ ಪಡೆದವರಲ್ಲಿ ಎರಡು ವರ್ಷದೊಳಗೆ ಶೇ 26ರಷ್ಟು ಮಂದಿಗೆ ಆ ನಾಳವಿರುವ ಬದಿಯ ಮಿದುಳಿನಲ್ಲೇ ಲಕ್ವ ಹೊಡೆಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಅದು ಶೇ 9ಕ್ಕೆ ಇಳಿಯಿತು.

ಈಗ ಒಂದು ಲೆಕ್ಕ ಮಾಡಿ ನೋಡಿ. ರಕ್ತ ಹರಿಯುವ ದಿಕ್ಕಿಗೂ ಅಲ್ಟ್ರಾಸೌಂಡ್ ಕಿರಣಕ್ಕೂ ನಡುವಿನ ನಿಜವಾದ ಕೋನ 55 ಡಿಗ್ರಿ ಇದ್ದು, ಸ್ಕ್ಯಾನ್ ಮಾಡುವವರು ತೆರೆಯ ಮೇಲಿನ ಗೆರೆಯನ್ನು 60 ಡಿಗ್ರಿಗೆ ಇಟ್ಟರೆಂದುಕೊಳ್ಳಿ. 205 ಇದ್ದ ವೇಗವನ್ನು ಯಂತ್ರ 235 ಎಂದು ತೋರಿಸುತ್ತದೆ. ಬೆರಳ ತುದಿಯ ಐದು ಡಿಗ್ರಿಯ ತಪ್ಪು ಒಬ್ಬ ರೋಗಿಯನ್ನು 230ರ ಗೆರೆಯ ಆಚೆಗೆ ದಾಟಿಸಿಬಿಡುತ್ತದೆ.

ಈ ಕ್ಷೇತ್ರದಲ್ಲಿ ಸಂಶೋಧನೆ ಮತ್ತು ಬೋಧನೆ ಮಾಡಬೇಕೆಂದು ಬಯಸುವ ಯುವಜನರಿಗೆ ನಾನು ಮೊದಲು ತೋರಿಸುವುದು ಈ ಲೆಕ್ಕವನ್ನೇ. ಅಳತೆ ಯಾರ ಕೈಯಿಂದ ಬಂದರೂ ಒಂದೇ ಆಗಿರಬೇಕು; ಅದಕ್ಕಾಗಿ ದುಡಿಯುವುದೇ ಸಂಶೋಧನೆ, ಅದನ್ನು ಇನ್ನೊಬ್ಬರ ಕೈಗೆ ದಾಟಿಸುವುದೇ ಬೋಧನೆ. ಇವು ಸ್ಕ್ಯಾನಿಂಗ್ ಬಿಟ್ಟು ಹೋಗಿ ಮಾಡುವ ಕೆಲಸಗಳಲ್ಲ. ಆದ್ದರಿಂದ ಮುಂದಿನ ಹೆಜ್ಜೆಗಳನ್ನು ಅನುಕ್ರಮವಾಗಿಯೇ ಓದಿ. ಮೂರನೆಯದಕ್ಕೆ ಜಿಗಿಯುವ ಆತುರದಲ್ಲಿ ಎರಡನೆಯದನ್ನು ಅರ್ಧಕ್ಕೆ ಬಿಟ್ಟವರು ಮುಂದೆ ಅದರ ಬೆಲೆ ತೆರುತ್ತಾರೆ.

ಹೆಜ್ಜೆ 1: ನಿಮಗೆ ತೆರೆದಿರುವ ಬಾಗಿಲು ಯಾವುದೆಂದು ಮೊದಲು ತಿಳಿಯಿರಿ

ಇಲ್ಲಿ ದೇಶದಿಂದ ದೇಶಕ್ಕೆ ದೊಡ್ಡ ವ್ಯತ್ಯಾಸವಿದೆ. ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದವರು ಅಮೆರಿಕದವರಿಗಾಗಿ ಬರೆದದ್ದು. ಅದನ್ನು ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಕುಳಿತು ಹಾಗೆಯೇ ಅನುಸರಿಸಲು ಹೊರಟರೆ ಎರಡು ಮೂರು ವರ್ಷ ವ್ಯರ್ಥವಾದೀತು.

ಭಾರತದಲ್ಲಿ ಅಲ್ಟ್ರಾಸೌಂಡ್ ಯಂತ್ರದ ಬಳಕೆಯನ್ನು 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಬಿಗಿಯಾಗಿ ನಿಯಂತ್ರಿಸುತ್ತದೆ. ಭ್ರೂಣಲಿಂಗ ಪತ್ತೆಯನ್ನು ತಡೆಯಲು ಬಂದ ಕಾಯ್ದೆ ಅದು. ಹೆಣ್ಣುಮಕ್ಕಳ ಜೀವ ಉಳಿಸಲು ಅದರ ಅಗತ್ಯವಿತ್ತು, ಈಗಲೂ ಇದೆ. ಯಂತ್ರವನ್ನು ನೋಂದಾಯಿಸಬೇಕು, ಅದನ್ನು ಬಳಸುವವರಿಗೆ ನಿಗದಿತ ವೈದ್ಯಕೀಯ ಅರ್ಹತೆ ಇರಬೇಕು. ಹೀಗಾಗಿ ವೈದ್ಯರಲ್ಲದ ಸೋನೋಗ್ರಾಫರ್ ತಾನೇ ಸ್ಕ್ಯಾನ್ ಮಾಡುವ ವೃತ್ತಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಬೆಳೆದಂತೆ ನಮ್ಮಲ್ಲಿ ಬೆಳೆಯಲಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಕಾಲಿನ ಅಥವಾ ಕತ್ತಿನ ಡಾಪ್ಲರ್ ಮಾಡುವವರು ಸಾಮಾನ್ಯವಾಗಿ ರೇಡಿಯಾಲಜಿ ವೈದ್ಯರು, ಇಲ್ಲವೇ ರಕ್ತನಾಳ ಶಸ್ತ್ರಚಿಕಿತ್ಸಕರು.

ನೀವು ವೈದ್ಯರಾಗಿದ್ದರೆ ದಾರಿ ಸ್ಪಷ್ಟವಾಗಿದೆ. ರೇಡಿಯಾಲಜಿಯಲ್ಲಿ ಎಂಡಿ ಅಥವಾ ಡಿಎನ್‌ಬಿ ಮಾಡಿ ರಕ್ತನಾಳಗಳ ಕಡೆ ಒಲವು ಬೆಳೆಸಿಕೊಳ್ಳಬಹುದು. ಸರ್ಜರಿ ಮುಗಿಸಿ ರಕ್ತನಾಳ ಶಸ್ತ್ರಚಿಕಿತ್ಸೆಯಲ್ಲಿ ಎಂಸಿಎಚ್ ಅಥವಾ ಡಾಕ್ಟರ್‌ಎನ್‌ಬಿಗೆ ಹೋಗಬಹುದು. ರಕ್ತನಾಳಗಳ ಪರೀಕ್ಷೆಯನ್ನು ಓದಿ ಅರ್ಥೈಸುವ ವೈದ್ಯರಿಗಾಗಿ ಅಮೆರಿಕದ ಆರ್‌ಪಿವಿಐ ಎಂಬ ಪ್ರಮಾಣಪತ್ರವೂ ಇದೆ.

ವೈದ್ಯರಲ್ಲದಿದ್ದರೆ ಬಾಗಿಲು ಮುಚ್ಚಿಹೋಗಿದೆ ಎಂದುಕೊಳ್ಳಬೇಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಲ್ಲಿ ಮೆಡಿಕಲ್ ಇಮೇಜಿಂಗ್ ಮತ್ತು ಕಾರ್ಡಿಯಾಕ್ ಕೇರ್ ಟೆಕ್ನಾಲಜಿಯ ಬಿಎಸ್‌ಸಿ ಕೋರ್ಸ್‌ಗಳಿವೆ. ಮಣಿಪಾಲದಲ್ಲಿ ಇವೇ ವಿಷಯಗಳಲ್ಲಿ ಸ್ನಾತಕೋತ್ತರ ಓದಿಗೂ ಸಂಶೋಧನೆಗೂ ಅವಕಾಶವಿದೆ. ಇಲ್ಲಿ ಓದಿದವರು ಸಂಶೋಧನಾ ಯೋಜನೆಗಳಲ್ಲಿ ದತ್ತಾಂಶ ನಿರ್ವಹಣೆ, ಚಿತ್ರಗಳ ವಿಶ್ಲೇಷಣೆ, ಯಂತ್ರದ ಗುಣಮಟ್ಟ ಪರೀಕ್ಷೆ, ಪಾದದ ರಕ್ತದೊತ್ತಡ ಅಳೆಯುವ ಪರೀಕ್ಷೆಗಳು ಮುಂತಾದ ಕಡೆ ಕಾಲೂರಬಹುದು. ಎಂಜಿನಿಯರಿಂಗ್ ಓದಿದವರಿಗಂತೂ ಬೆಂಗಳೂರೇ ಸಾಕಷ್ಟು ದೊಡ್ಡ ಅಂಗಳ: ಜಿಇ, ಫಿಲಿಪ್ಸ್‌ನಂಥ ಅಲ್ಟ್ರಾಸೌಂಡ್ ತಯಾರಕರ ಸಂಶೋಧನಾ ಕೇಂದ್ರಗಳು ಅಲ್ಲಿವೆ. ನಾಳದ ಬಿಗಿತವನ್ನು ಚಿತ್ರವಿಲ್ಲದೆ ಅಲ್ಟ್ರಾಸೌಂಡ್‌ನಿಂದಲೇ ಅಳೆಯುವ ‘ಆರ್ಟ್‌ಸೆನ್ಸ್’ ಎಂಬ ಉಪಕರಣ ಐಐಟಿ ಮದ್ರಾಸಿನಲ್ಲಿ ರೂಪುಗೊಂಡಿದೆ; ಅಂಥ ಕೆಲಸದಲ್ಲಿ ವೈದ್ಯರಿಗೂ ಎಂಜಿನಿಯರ್‌ಗಳಿಗೂ ನಡುವೆ ನಿಲ್ಲಬಲ್ಲವರ ಅಗತ್ಯ ಸದಾ ಇರುತ್ತದೆ.

ಹೊರದೇಶಕ್ಕೆ ಹೋಗುವ ಮನಸ್ಸಿದ್ದರೆ ಎರಡು ಹಾದಿಗಳನ್ನು ಹೇಳುತ್ತೇನೆ. ಅಮೆರಿಕದಲ್ಲಿ ಎಆರ್‌ಡಿಎಂಎಸ್ ಸಂಸ್ಥೆ ಕೊಡುವ ಆರ್‌ವಿಟಿ ಎಂಬ ಅರ್ಹತೆಗೆ ಎರಡು ಪರೀಕ್ಷೆಗಳು: ಒಂದು ಅಲ್ಟ್ರಾಸೌಂಡ್‌ನ ಭೌತಶಾಸ್ತ್ರ ಮತ್ತು ಯಂತ್ರದ ಬಗ್ಗೆ, ಇನ್ನೊಂದು ರಕ್ತನಾಳಗಳ ಬಗ್ಗೆ. ಪರೀಕ್ಷೆಗೆ ಕೂರುವ ಮೊದಲು ಓದು ಮತ್ತು ಪ್ರಾಯೋಗಿಕ ಅನುಭವದ ಷರತ್ತುಗಳಿವೆ. ವಿದೇಶಿ ಪದವಿ ಹೊಂದಿದವರು ಹಣ ಕಟ್ಟುವ ಮೊದಲೇ ಅವನ್ನು ಸಾಲುಸಾಲಾಗಿ ಓದಬೇಕು. ಬ್ರಿಟನ್ನಿನಲ್ಲಿ ಈ ಕೆಲಸ ಮಾಡುವವರನ್ನು ವ್ಯಾಸ್ಕ್ಯುಲರ್ ಸೈಂಟಿಸ್ಟ್ ಎನ್ನುತ್ತಾರೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಸೈಂಟಿಸ್ಟ್ ಟ್ರೈನಿಂಗ್ ಪ್ರೋಗ್ರಾಂ ಎಂಬ ಮೂರು ವರ್ಷದ ತರಬೇತಿ ಇದೆ: ಸಂಬಳ ಪಡೆಯುತ್ತಾ ಕಲಿಯುವುದು, ಜೊತೆಗೆ ಸ್ನಾತಕೋತ್ತರ ಪದವಿ. ಸ್ಪರ್ಧೆ ತೀವ್ರವಾಗಿದೆ. ಆದರೂ ಸಂಶೋಧನೆಯೇ ಗುರಿಯಾದವರಿಗೆ ನಾನು ಹೆಚ್ಚು ಒತ್ತಿ ಹೇಳುವುದು ಇದನ್ನೇ, ಯಾಕೆಂದರೆ ಅಲ್ಲಿ ಸಂಶೋಧನಾ ಪ್ರಬಂಧ ಬರೆಯುವುದು ತರಬೇತಿಯ ಭಾಗವೇ ಆಗಿದೆ.

ಹೆಜ್ಜೆ 2: ಎರಡು ಮೂರು ವರ್ಷ ಸ್ಕ್ಯಾನಿಂಗ್ ಒಂದನ್ನೇ ಗಂಭೀರವಾಗಿ ಮಾಡಿ

ಸ್ಕ್ಯಾನ್ ಮಾಡುವ ಅವಕಾಶ ಇರುವವರಿಗೆ ಈ ಮಾತು. ಚಿತ್ರ ಚೆನ್ನಾಗಿ ಬರುವುದು ಮೊದಲ ಹಂತ ಮಾತ್ರ. ಕೋನ 60 ಡಿಗ್ರಿ ಮೀರದಂತೆ ಇಡುವುದು, ಮಾದರಿ ಪಡೆಯುವ ಚೌಕವನ್ನು ಹರಿವಿನ ನಡುವೆ ಕೂರಿಸುವುದು, ವೇಗದ ಮಾಪಕವನ್ನು ನಾಳಕ್ಕೆ ತಕ್ಕಂತೆ ಬದಲಿಸುವುದು, ಬಣ್ಣದ ತೀವ್ರತೆಯನ್ನು (ಗೇನ್) ಹೆಚ್ಚಿಸಿ ಕಿರಿದಾದ ಭಾಗವನ್ನೇ ಮುಚ್ಚಿಹಾಕದಿರುವುದು ಇವೆಲ್ಲ ಅಭ್ಯಾಸದಿಂದ ಬರಬೇಕು. ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡುವಾಗ, ಮೈಮೇಲೆ ಹಿಡಿಯುವ ಪ್ರೋಬ್ ಎಂಬ ಸಾಧನದಿಂದ ಒತ್ತಿದರೆ ಆರೋಗ್ಯವಂತ ನಾಳ ಪೂರ್ತಿ ಮುಚ್ಚಿಕೊಳ್ಳಬೇಕು. ಸರಳವೆನಿಸುವ ಈ ಪರೀಕ್ಷೆಯಲ್ಲೂ ಬಾವು ಬಂದ ಮೀನಖಂಡದಲ್ಲಿ ತಪ್ಪುವವರು ಬಹಳ.

ಭೌತಶಾಸ್ತ್ರವನ್ನು ಪರೀಕ್ಷೆಗಾಗಿ ಓದಿ ಮರೆಯಬೇಡಿ. ಡಾಪ್ಲರ್ ಸಮೀಕರಣದಲ್ಲಿ ಕೋನದ ಕೊಸೈನ್ ಛೇದದಲ್ಲಿ ಕುಳಿತಿರುವುದರಿಂದಲೇ ಮೇಲೆ ಹೇಳಿದ ಐದು ಡಿಗ್ರಿಯ ಅನಾಹುತ ಆಗುವುದು. ಕೋನ ದೊಡ್ಡದಾದಷ್ಟೂ ಅದೇ ಐದು ಡಿಗ್ರಿಯ ತಪ್ಪು ಇನ್ನಷ್ಟು ಉಬ್ಬುತ್ತದೆ. ಇದು ಅರ್ಥವಾದವರು ಯಂತ್ರ ಕೊಟ್ಟ ಸಂಖ್ಯೆಯನ್ನು ಕಣ್ಣು ಮುಚ್ಚಿ ನಂಬುವುದಿಲ್ಲ. ಸಂಶೋಧಕ ಹುಟ್ಟುವುದು ಆ ಅಪನಂಬಿಕೆಯಲ್ಲಿ.

ಈ ಅವಧಿಯಲ್ಲೇ ಬೆಳೆಸಿಕೊಳ್ಳಬೇಕಾದ ಇನ್ನೊಂದು ರೂಢಿ: ನೀವು ಸ್ಕ್ಯಾನ್ ಮಾಡಿದ ರೋಗಿಗೆ ಮುಂದೆ ಸಿಟಿ ಆಂಜಿಯೋಗ್ರಾಂ ಆಯಿತೇ, ಶಸ್ತ್ರಚಿಕಿತ್ಸೆಯಲ್ಲಿ ಏನು ಕಂಡಿತು ಎಂದು ವಿಚಾರಿಸಿ, ನಿಮ್ಮ ವರದಿಯ ಪಕ್ಕದಲ್ಲಿಟ್ಟು ನೋಡಿ. ಹೆಸರು, ಆಸ್ಪತ್ರೆ ಸಂಖ್ಯೆ ಯಾವುದನ್ನೂ ಬರೆಯದೆ, ಅಳತೆ ಮತ್ತು ಫಲಿತಾಂಶವನ್ನಷ್ಟೇ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಹೊಂದಿಕೆಯಾಗದ ಪ್ರಕರಣಗಳ ಮುಂದೆ ಒಂದು ನಕ್ಷತ್ರ ಬರೆಯಿರಿ.

ಮೈಯನ್ನೂ ಇಲ್ಲಿಂದಲೇ ಕಾಪಾಡಿಕೊಳ್ಳಿ. ಈ ವೃತ್ತಿಯವರ ಸಮೀಕ್ಷೆಗಳು ಹಲವು ದೇಶಗಳಲ್ಲಿ ನಡೆದಿವೆ. ಭುಜ, ಕತ್ತು, ಮಣಿಕಟ್ಟಿನ ನೋವಿನಲ್ಲೇ ಸ್ಕ್ಯಾನ್ ಮಾಡುತ್ತೇವೆ ಎನ್ನುವವರೇ ಅವುಗಳಲ್ಲಿ ಹೆಚ್ಚು. ತೋಳು ಪಕ್ಕೆಯಿಂದ 30 ಡಿಗ್ರಿಗಿಂತ ಹೆಚ್ಚು ಎತ್ತಬೇಕಾಗದಂತೆ ರೋಗಿಯನ್ನು ಮಂಚದ ಅಂಚಿಗೆ ಬರಹೇಳಿ. ಮಂಚವನ್ನು ಏರಿಸಿಕೊಳ್ಳಿ. ಕಾಲು ಪರೀಕ್ಷಿಸುವಾಗ ಬಾಗಿ ನಿಲ್ಲುವ ಬದಲು ಕುಳಿತುಕೊಳ್ಳಿ. ನಲವತ್ತರ ಹೊತ್ತಿಗೆ ಭುಜ ಹೋದರೆ ಆಮೇಲಿನ ಹೆಜ್ಜೆಗಳಲ್ಲಿ ಅರ್ಧ ನಿಮ್ಮ ಕೈಗೆ ಸಿಗುವುದಿಲ್ಲ.

ಹೆಜ್ಜೆ 3: ಪ್ರಶ್ನೆ ಹುಡುಕಿ

ನಕ್ಷತ್ರ ಹಾಕಿದ ಪುಟಗಳಲ್ಲೇ ನಿಮ್ಮ ಪ್ರಶ್ನೆ ಇರುತ್ತದೆ. ಹೊಸಬರು ಸಾಮಾನ್ಯವಾಗಿ ತೀರಾ ದೊಡ್ಡ ಪ್ರಶ್ನೆ ಹಿಡಿದು ಬರುತ್ತಾರೆ: ಕೃತಕ ಬುದ್ಧಿಮತ್ತೆಯಿಂದ ಲಕ್ವ ತಡೆಯಬಹುದೇ ಎಂಬಂಥದ್ದು. ಈ ಕ್ಷೇತ್ರದಲ್ಲಿ ಜೀವಗಳನ್ನು ಉಳಿಸಿದ ಪ್ರಶ್ನೆಗಳು ಎಷ್ಟು ಸಣ್ಣದಾಗಿ, ಎಷ್ಟು ನಿರ್ದಿಷ್ಟವಾಗಿ ಇರುತ್ತವೆ ಎಂಬುದಕ್ಕೆ ಕೆಲವು ಉದಾಹರಣೆ ಕೊಡುತ್ತೇನೆ.

ಹೊಟ್ಟೆಯೊಳಗಿನ ಮಹಾಪಧಮನಿ ಉಬ್ಬಿ ಒಡೆದರೆ ಬದುಕುಳಿಯುವವರು ಕಡಿಮೆ. ಬ್ರಿಟನ್ನಿನ ಮಾಸ್ ಅಧ್ಯಯನ 65ರಿಂದ 74 ವಯಸ್ಸಿನ ಸುಮಾರು 67,800 ಪುರುಷರನ್ನು ಎರಡು ಗುಂಪು ಮಾಡಿತು. ಒಂದು ಗುಂಪನ್ನು ಒಂದೇ ಒಂದು ಅಲ್ಟ್ರಾಸೌಂಡ್‌ಗೆ ಕರೆಯಿತು. ಅಷ್ಟರಿಂದಲೇ ನಾಲ್ಕು ವರ್ಷಗಳಲ್ಲಿ ಈ ಕಾಯಿಲೆಯ ಸಾವು ಶೇ 42ರಷ್ಟು ಕಡಿಮೆಯಾಯಿತು ಎಂದು 2002ರಲ್ಲಿ ವರದಿಯಾಯಿತು. ಅದರ ಆಧಾರದ ಮೇಲೆ ಇಂದು ಇಂಗ್ಲೆಂಡಿನಲ್ಲಿ 65ನೇ ವಯಸ್ಸಿಗೆ ಬಂದ ಪುರುಷರನ್ನೆಲ್ಲ ಈ ಪರೀಕ್ಷೆಗೆ ಕರೆಯುತ್ತಾರೆ. ನಾಳದ ಅಗಲ ಮೂರು ಸೆಂಟಿಮೀಟರ್ ಆದರೆ ಉಬ್ಬು ಎಂದು ಕರೆಯುತ್ತಾರೆ, 5.5 ಆದರೆ ಶಸ್ತ್ರಚಿಕಿತ್ಸಕರ ಬಳಿ ಕಳಿಸುತ್ತಾರೆ. ಆದರೆ ಅಳೆಯುವುದು ನಾಳದ ಒಳಗೋಡೆಯಿಂದ ಒಳಗೋಡೆಗೋ, ಹೊರಗೋಡೆಯಿಂದ ಹೊರಗೋಡೆಗೋ? ಎರಡಕ್ಕೂ ಕೆಲವು ಮಿಲಿಮೀಟರುಗಳ ಅಂತರವಿದೆ, ಮತ್ತು ಗೆರೆ ಇರುವುದು ಮಿಲಿಮೀಟರಿನಲ್ಲೇ. ಈ ಒಂದು ಪ್ರಶ್ನೆಯ ಸುತ್ತ ಎಷ್ಟೋ ಪ್ರಬಂಧಗಳು ಬಂದಿವೆ, ಅವುಗಳಲ್ಲಿ ಹಲವನ್ನು ಬರೆದವರು ದಿನವೂ ಪ್ರೋಬ್ ಹಿಡಿಯುವ ಸೋನೋಗ್ರಾಫರುಗಳು.

ಇನ್ನೊಂದು ಉದಾಹರಣೆ ನಮ್ಮ ರಾಜ್ಯಕ್ಕೆ ಹತ್ತಿರದ್ದು, ಮತ್ತು ಯಾರಾದರೂ ಕೈಗೆತ್ತಿಕೊಳ್ಳಲಿ ಎಂದು ನಾನು ಮನಸಾರೆ ಬಯಸುವಂಥದ್ದು. ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ಬಾಗುವ ಆನುವಂಶಿಕ ಕಾಯಿಲೆಯಾದ ಸಿಕಲ್ ಸೆಲ್ ರಕ್ತಹೀನತೆ ಇರುವ ಮಕ್ಕಳಿಗೆ ಲಕ್ವದ ಅಪಾಯವಿದೆ. ಕಪಾಲದ ತೆಳುವಾದ ಭಾಗದ ಮೂಲಕ ಮಿದುಳಿನ ರಕ್ತನಾಳಗಳನ್ನು ಡಾಪ್ಲರ್‌ನಿಂದ ಪರೀಕ್ಷಿಸಬಹುದೆಂದು ರೂನ್ ಆಸ್ಲಿಡ್ 1982ರಲ್ಲಿ ತೋರಿಸಿದರು. ಆ ನಾಳಗಳಲ್ಲಿ ಸರಾಸರಿ ವೇಗ ಸೆಕೆಂಡಿಗೆ 200 ಸೆಂಟಿಮೀಟರ್ ದಾಟಿದ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟರೆ ಮೊದಲ ಲಕ್ವದ ಅಪಾಯ ಶೇ 92ರಷ್ಟು ಇಳಿಯುತ್ತದೆ ಎಂದು ಅಮೆರಿಕದ ಸ್ಟಾಪ್ ಅಧ್ಯಯನ 1998ರಲ್ಲಿ ಸಾಬೀತುಪಡಿಸಿತು. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆ ಇದೆ. 2023ರಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಭಾರತದಲ್ಲಿ ಕಾಣುವ ಸಿಕಲ್ ಸೆಲ್‌ನ ಆನುವಂಶಿಕ ಹಿನ್ನೆಲೆ ಬಹಳ ಮಟ್ಟಿಗೆ ಆಫ್ರಿಕಾ ಮೂಲದವರದಕ್ಕಿಂತ ಬೇರೆ. ಹಾಗಾದರೆ 200 ಎಂಬ ಗೆರೆ ಸೋಲಿಗರ ಮಗುವಿಗೂ ಒಪ್ಪುತ್ತದೆಯೇ? ಪರೀಕ್ಷೆಗೆ ಬೇಕಾದದ್ದು ಒಂದು ಯಂತ್ರ, ತರಬೇತಾದ ಕೈ ಮತ್ತು ಆ ಹಾಡಿಗಳಿಗೆ ಮತ್ತೆ ಮತ್ತೆ ಹೋಗುವ ತಾಳ್ಮೆ.

ಡಯಾಲಿಸಿಸ್ ರೋಗಿಗಳ ತೋಳಿನ ಫಿಸ್ಟುಲಾ ಮೂರನೆಯದು. ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ ಮಾಡುವ ಈ ದಾರಿ ಬಳಕೆಗೆ ಸಿದ್ಧವಾಗಿದೆಯೇ ಎಂದು ಹೇಳಲು ಆರರ ನಿಯಮವೊಂದು ಚಾಲ್ತಿಯಲ್ಲಿದೆ: ನಿಮಿಷಕ್ಕೆ 600 ಮಿಲಿಲೀಟರ್ ಹರಿವು, ಆರು ಮಿಲಿಮೀಟರ್ ಅಗಲ, ಚರ್ಮದಿಂದ ಆರು ಮಿಲಿಮೀಟರಿಗಿಂತ ಕಡಿಮೆ ಆಳ. ತೆಳ್ಳಗಿನ ಮೈಕಟ್ಟಿನ, ಸಣ್ಣ ನಾಳಗಳ ನಮ್ಮ ರೋಗಿಗಳಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಒಂದು ಜಿಲ್ಲಾಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲೇ ನೋಡಬಹುದು. ಯುವತಿಯರನ್ನು ಹೆಚ್ಚಾಗಿ ಕಾಡುವ, ಏಷ್ಯಾದಲ್ಲಿ ಹೆಚ್ಚು ಕಾಣುವ ತಾಕಾಯಾಸು ಎಂಬ ದೊಡ್ಡ ಅಪಧಮನಿಗಳ ಉರಿಯೂತದ ಕಾಯಿಲೆಯಲ್ಲಿ ನಾಳದ ಗೋಡೆ ದಪ್ಪವಾಗುವುದನ್ನು ಕಾಲಕಾಲಕ್ಕೆ ಅಳೆಯುವುದು ಇನ್ನೊಂದು ವಿಷಯ.

ಹೆಜ್ಜೆ 4: ಮೊದಲ ಅಧ್ಯಯನ ಸಣ್ಣದಾಗಿರಲಿ, ಅದು ಪುನರಾವರ್ತನೆಯದ್ದಾಗಿರಲಿ

ನನ್ನ ಸಲಹೆ ಕೇಳುವವರಿಗೆಲ್ಲ ಮೊದಲ ಯೋಜನೆಯಾಗಿ ನಾನು ಹೇಳುವುದು ಇದೊಂದನ್ನೇ: ನೀವು ನಂಬಿರುವ ಒಂದು ಅಳತೆಯನ್ನು ಆಯ್ದುಕೊಳ್ಳಿ, ಅದನ್ನು ನೀವೇ ಎರಡು ಬಾರಿ ಮತ್ತು ಇನ್ನೊಬ್ಬರು ಒಂದು ಬಾರಿ ಅಳೆದರೆ ಎಷ್ಟು ಹೊಂದಿಕೆಯಾಗುತ್ತದೆ ಎಂದು ನೋಡಿ. ಹಣ ಬೇಕಿಲ್ಲ, ಹೊಸ ಯಂತ್ರ ಬೇಕಿಲ್ಲ. ಫಲಿತಾಂಶ ಏನೇ ಬಂದರೂ ಉಪಯುಕ್ತ.

ಕೆಲಸ ಆರಂಭಿಸುವ ಮೊದಲು ಸಂಸ್ಥೆಯ ಎಥಿಕ್ಸ್ ಸಮಿತಿಯ ಅನುಮತಿ ಪಡೆಯಿರಿ. ಭಾರತದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಗಳಿವೆ. ಒಮ್ಮೆ ಪೂರ್ತಿ ಓದಿ. ರೋಗಿಯ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಅದೂ ಓದಿದರೆ ಅರ್ಥವಾಗುವ ಕನ್ನಡದಲ್ಲಿ. ಸರ್ಕಾರಿ ಸುತ್ತೋಲೆಯ ಭಾಷೆಯಲ್ಲಿ ಬರೆದ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆಯಲ್ಲ.

ಅಳೆಯುವ ಇಬ್ಬರೂ ಒಬ್ಬರ ಸಂಖ್ಯೆಯನ್ನು ಇನ್ನೊಬ್ಬರು ನೋಡಬಾರದು. ನಿಮ್ಮ ಎರಡನೇ ಅಳತೆ ಮೊದಲನೆಯದರ ನೆನಪು ಮಾಸಿದ ಮೇಲೆ, ಕೆಲವು ವಾರ ಬಿಟ್ಟು ನಡೆಯಲಿ. ಆದರೆ ಎಚ್ಚರ: ಉಳಿಸಿಟ್ಟ ಚಿತ್ರದ ಮೇಲೆ ಮತ್ತೆ ಗೆರೆ ಎಳೆಯುವುದು ಒಂದು ಪ್ರಶ್ನೆ, ರೋಗಿಯನ್ನೇ ಮತ್ತೆ ಸ್ಕ್ಯಾನ್ ಮಾಡುವುದು ಬೇರೆಯೇ ಪ್ರಶ್ನೆ. ಮೊದಲನೆಯದರಲ್ಲಿ ವ್ಯತ್ಯಾಸ ಕಡಿಮೆ ಬಂದರೆ ಹಿಗ್ಗಬೇಡಿ. ತಪ್ಪಿನ ದೊಡ್ಡ ಪಾಲು ಪ್ರೋಬ್ ಇಟ್ಟ ಜಾಗದಲ್ಲೇ ಹುಟ್ಟುತ್ತದೆ. ಅದನ್ನು ಹಿಡಿಯಬೇಕಾದರೆ ಮತ್ತೆ ಸ್ಕ್ಯಾನ್ ಮಾಡಲೇಬೇಕು, ಮತ್ತು ಆಗ ಕಾಯಿಲೆಯೇ ಬದಲಾಗಿರದಷ್ಟು ಕಡಿಮೆ ಅಂತರ ಇರಬೇಕು.

ಲೆಕ್ಕಾಚಾರದಲ್ಲಿ ಹೊಸಬರು ಸಿಕ್ಕಿಬೀಳುವ ಹೊಂಡವೊಂದಿದೆ. ಇಬ್ಬರ ಅಳತೆಗಳ ನಡುವೆ ಸಹಸಂಬಂಧ (ಒಂದು ಏರಿದಂತೆ ಇನ್ನೊಂದೂ ಏರುವ ಮಟ್ಟ; 1 ಎಂದರೆ ಪರಿಪೂರ್ಣ) 0.95 ಬಂದರೆ ಹೊಂದಿಕೆ ಅದ್ಭುತ ಎಂದು ಬರೆದುಬಿಡುತ್ತಾರೆ. ಒಬ್ಬರು ಪ್ರತಿ ಬಾರಿಯೂ ನಾಲ್ಕು ಮಿಲಿಮೀಟರ್ ಹೆಚ್ಚು ಅಳೆದರೂ ಸಹಸಂಬಂಧ ಪರಿಪೂರ್ಣವಾಗಿಯೇ ಇರುತ್ತದೆ, ಆದರೆ ಮಹಾಪಧಮನಿಯ ಉಬ್ಬಿನಲ್ಲಿ ಆ ನಾಲ್ಕು ಮಿಲಿಮೀಟರ್ ಒಬ್ಬರನ್ನು ಶಸ್ತ್ರಚಿಕಿತ್ಸೆಗೆ ಕಳಿಸುತ್ತದೆ. ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ಇದನ್ನೇ ಎತ್ತಿ ತೋರಿಸಿ, ಎರಡು ಅಳತೆಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯ ಎದುರು ಗುರುತಿಸುವ ವಿಧಾನ ಕೊಟ್ಟರು. ಅದನ್ನು ಕಲಿಯಿರಿ. ಕಾಗದದ ಮೇಲೆ ಕೈಯಿಂದಲೇ ಒಮ್ಮೆ ಬಿಡಿಸಿ ನೋಡಿದರೆ ಯಾವ ತಂತ್ರಾಂಶವೂ ಕಲಿಸದಷ್ಟು ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ. ಸಂಸ್ಥೆಯಲ್ಲಿ ಸಂಖ್ಯಾಶಾಸ್ತ್ರಜ್ಞರಿದ್ದರೆ ದತ್ತಾಂಶ ಕೂಡಿಸುವ ಮೊದಲೇ ಅವರನ್ನು ಕಾಣಿ, ಎಷ್ಟು ರೋಗಿಗಳು ಬೇಕೆಂದು ಕೇಳಿ.

ಚಿತ್ರಗಳನ್ನು ಉಳಿಸುವಾಗ ಇನ್ನೊಂದು ವಿಷಯ. ಅಲ್ಟ್ರಾಸೌಂಡ್ ಚಿತ್ರದ ಮೇಲಂಚಿನಲ್ಲಿ ರೋಗಿಯ ಹೆಸರು ಚಿತ್ರದ ಭಾಗವಾಗಿಯೇ ಅಚ್ಚಾಗಿರುತ್ತದೆ. ಕಡತದ ಹೆಸರು ಬದಲಿಸಿದರೆ ಅದು ಹೋಗುವುದಿಲ್ಲ. ಅಳಿಸಿ, ಇನ್ನೊಬ್ಬರಿಂದ ಪರಿಶೀಲಿಸಿ, ಆಮೇಲೆ ಮಾತ್ರ ಹಂಚಿಕೊಳ್ಳಿ.

ಹೆಜ್ಜೆ 5: ಬರೆಯಿರಿ

ಒಂದು ಅಪರೂಪದ ಪ್ರಕರಣ, ಆಮೇಲೆ ಸಮ್ಮೇಳನದಲ್ಲಿ ಒಂದು ಪೋಸ್ಟರ್, ಆಮೇಲೆ ಪೂರ್ಣ ಪ್ರಬಂಧ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ. ಅಮೆರಿಕದ ಸೊಸೈಟಿ ಫಾರ್ ವ್ಯಾಸ್ಕ್ಯುಲರ್ ಅಲ್ಟ್ರಾಸೌಂಡ್ ಹೊರತರುವ ಜರ್ನಲ್ ಫಾರ್ ವ್ಯಾಸ್ಕ್ಯುಲರ್ ಅಲ್ಟ್ರಾಸೌಂಡ್ ಸೋನೋಗ್ರಾಫರುಗಳ ಬರವಣಿಗೆಗೆ ವಿಶೇಷವಾಗಿ ಜಾಗ ಕೊಡುವ ಪತ್ರಿಕೆ. ಪರೀಕ್ಷೆಯ ನಿಖರತೆ ಕುರಿತ ಪ್ರಬಂಧವಾದರೆ ವರದಿಯಲ್ಲಿ ಏನೇನಿರಬೇಕೆಂದು ಹೇಳುವ ಸ್ಟಾರ್ಡ್ ಎಂಬ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಬರೆಯಿರಿ. ಅದರ 2015ರ ಆವೃತ್ತಿ ಉಚಿತವಾಗಿ ಸಿಗುತ್ತದೆ. ಒಂದೇ ವಾರದಲ್ಲಿ ಸ್ವೀಕರಿಸುತ್ತೇವೆ, ಇಷ್ಟು ಹಣ ಕಳಿಸಿ ಎಂದು ಇಮೇಲ್ ಬರೆಯುವ ಪತ್ರಿಕೆಗಳಿಂದ ದೂರವಿರಿ. ಅಲ್ಲಿ ಅಚ್ಚಾದ ಪ್ರಬಂಧ ಮುಂದೆ ಪಿಎಚ್‌ಡಿ ಸಂದರ್ಶನದಲ್ಲಿ ನಿಮ್ಮ ವಿರುದ್ಧವೇ ಮಾತಾಡುತ್ತದೆ.

ಒಬ್ಬರೇ ಬರೆಯಲು ಹೊರಡಬೇಡಿ. ಈ ಕ್ಷೇತ್ರ ಬೆಳೆದದ್ದೇ ಜೊತೆ ಕೆಲಸದಿಂದ. ಜಪಾನಿನ ಒಸಾಕಾದಲ್ಲಿ ಶಿಗೆಒ ಸತೊಮುರಾ 1950ರ ದಶಕದಲ್ಲಿ ಡಾಪ್ಲರ್ ತತ್ವವನ್ನು ಮೈಯೊಳಗಿನ ಚಲನೆಗೆ ಹಚ್ಚಿದರು. ಆಮೇಲೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸಕ ಯೂಜೀನ್ ಸ್ಟ್ರಾಂಡ್‌ನೆಸ್ ಮತ್ತು ಎಂಜಿನಿಯರ್ ಡೊನಾಲ್ಡ್ ಬೇಕರ್ ಅವರ ಬಳಗ 1970ರ ದಶಕದಲ್ಲಿ ಚಿತ್ರ ಮತ್ತು ವೇಗ ಎರಡನ್ನೂ ಒಟ್ಟಿಗೆ ತೋರಿಸುವ ಡ್ಯೂಪ್ಲೆಕ್ಸ್ ಯಂತ್ರವನ್ನು ರೂಪಿಸಿತು. ನಾವು ಇಂದು ದಿನವೂ ಬಳಸುವುದು ಅದರ ಸಂತತಿಯನ್ನೇ.

ಹೆಜ್ಜೆ 6: ಕಲಿಸುವುದನ್ನೂ ಕಲಿಯಬೇಕು

ಚೆನ್ನಾಗಿ ಸ್ಕ್ಯಾನ್ ಮಾಡುವವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಎಂಬುದು ತಪ್ಪು ನಂಬಿಕೆ. ಕೈಗೆ ರೂಢಿಯಾದದ್ದು ಬಾಯಿಗೆ ಬರುವುದಿಲ್ಲ. ವರ್ಷಗಟ್ಟಲೆ ರೊಟ್ಟಿ ಬಡಿದವರನ್ನು ಎಷ್ಟು ನೀರು ಎಂದು ಕೇಳಿದರೆ ಹದ ನೋಡಿಕೊಂಡು ಹಾಕು ಎನ್ನುವಂತೆ, ಅನುಭವಿಗಳು ಪ್ರೋಬ್ ಸ್ವಲ್ಪ ತಿರುಗಿಸು ಎನ್ನುತ್ತಾರೆ. ಎಷ್ಟು, ಯಾವ ಕಡೆಗೆ, ಏನನ್ನು ನೋಡಿ ಎಂದು ಕಲಿಯುವವರಿಗೆ ತಿಳಿಯುವುದಿಲ್ಲ.

ಕೈಕೆಲಸ ಕಲಿಸಲು ಪೇಟನ್ ಅವರ ನಾಲ್ಕು ಹಂತದ ವಿಧಾನ ವೈದ್ಯಕೀಯ ಶಿಕ್ಷಣದಲ್ಲಿ ಪ್ರಸಿದ್ಧವಾಗಿದೆ. ಮೊದಲು ಮಾತಿಲ್ಲದೆ ಸಹಜ ವೇಗದಲ್ಲಿ ಮಾಡಿ ತೋರಿಸಿ. ಎರಡನೇ ಸಲ ಪ್ರತಿ ಚಲನೆಯನ್ನೂ ವಿವರಿಸುತ್ತಾ ಮಾಡಿ. ಮೂರನೇ ಸಲ ವಿದ್ಯಾರ್ಥಿ ಬಾಯಲ್ಲಿ ಹೇಳಲಿ, ಅವರು ಹೇಳಿದಂತೆ ನೀವು ಮಾಡಿ. ನಾಲ್ಕನೆಯದು ವಿದ್ಯಾರ್ಥಿಯೇ ಹೇಳುತ್ತಾ ಮಾಡುವುದು. ಈ ಮೂರನೇ ಹಂತವನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ದಯವಿಟ್ಟು ಹಾರಿಸಬೇಡಿ. ವಿದ್ಯಾರ್ಥಿಗೆ ಎಲ್ಲಿ ಅರ್ಥವಾಗಿಲ್ಲ ಎಂಬುದು ಬಯಲಾಗುವುದು ಅಲ್ಲೇ.

ರೋಗಿಯ ಮೇಲೆ ಕಲಿಯುವ ಮೊದಲು ಕೃತಕ ಮಾದರಿಯ ಮೇಲೆ ಕಲಿಯಲಿ. ಅಗರ್ ಅಥವಾ ಜೆಲಾಟಿನ್ ಗಟ್ಟಿ ಮಾಡಿ ಅದರೊಳಗೆ ತೆಳುವಾದ ರಬ್ಬರ್ ಕೊಳವೆ ಹಾಯಿಸಿ, ಸಣ್ಣ ಪಂಪ್‌ನಿಂದ ದ್ರವ ಹರಿಸಿದರೆ ಕಲಿಕೆಗೆ ಸಾಕಾಗುವ ಮಾದರಿ ಕಡಿಮೆ ಖರ್ಚಿನಲ್ಲಿ ತಯಾರಾಗುತ್ತದೆ. ಬರಿಯ ನೀರು ಡಾಪ್ಲರ್‌ಗೆ ಸರಿಯಾಗಿ ಕಾಣುವುದಿಲ್ಲ, ಅಲೆಯನ್ನು ಚದುರಿಸುವ ಕಣಗಳು ಅದರಲ್ಲಿ ಬೇಕು. ಸ್ವಲ್ಪ ಕಾರ್ನ್‌ಫ್ಲೋರ್ ಕದಡಿದರೆ ಆಗುತ್ತದೆ. ಪಂಪ್‌ನ ಹರಿವು ಗೊತ್ತಿರುವುದರಿಂದ ವಿದ್ಯಾರ್ಥಿ ಅಳೆದ ಸಂಖ್ಯೆ ಸರಿಯೋ ತಪ್ಪೋ ಎಂದು ಅಲ್ಲೇ ಹೇಳಬಹುದು. ರೋಗಿಯ ಮೇಲೆ ಈ ಸೌಲಭ್ಯ ಇರುವುದಿಲ್ಲ.

ಕಲಿಸಿದ್ದನ್ನೂ ಅಳೆಯಿರಿ. ತರಬೇತಿಗೆ ಮೊದಲು ಮತ್ತು ನಂತರ ವಿದ್ಯಾರ್ಥಿಗಳ ಅಳತೆಗಳಲ್ಲಿ ಚದುರುವಿಕೆ ಎಷ್ಟು ಇಳಿಯಿತು, ಆರು ತಿಂಗಳ ಮೇಲೆ ಎಷ್ಟು ಉಳಿಯಿತು ಎಂದು ದಾಖಲಿಸಿದರೆ ಅದೇ ಒಂದು ಪ್ರಬಂಧ. ಶಿಕ್ಷಣವನ್ನೇ ಸಂಶೋಧನೆಯ ವಿಷಯ ಮಾಡಿಕೊಂಡವರು ಈ ಕ್ಷೇತ್ರದಲ್ಲಿ ಇನ್ನೂ ಕಡಿಮೆ. ಕನ್ನಡದಲ್ಲಿ ವಿವರಿಸಿ ಕಲಿಸುವವರು ಬಹಳ ಬೇಕು: ಆಸ್ಪತ್ರೆಯ ದಾದಿಯರಿಗೆ, ಡಯಾಲಿಸಿಸ್ ತಂತ್ರಜ್ಞರಿಗೆ, ಮಧುಮೇಹಿಗಳ ಪಾದ ನೋಡುವವರಿಗೆ. ಕಣಕಾಲಿನ ಮತ್ತು ತೋಳಿನ ರಕ್ತದೊತ್ತಡದ ಅನುಪಾತ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಕಡಿಮೆಯಾಗಿದೆ, 1.4 ದಾಟಿದರೆ ನಾಳ ಗಟ್ಟಿಯಾಗಿ ಆ ಅಳತೆಯನ್ನೇ ನಂಬುವಂತಿಲ್ಲ ಎಂಬಿಷ್ಟನ್ನು ಸರಿಯಾಗಿ ಕಲಿಸಿದರೂ ಎಷ್ಟೋ ಕಾಲುಗಳು ಉಳಿಯುತ್ತವೆ.

ಹೆಜ್ಜೆ 7: ಕೆಲಸ ಎಲ್ಲಿ ಸಿಗುತ್ತದೆ, ಹೇಗೆ ಕೇಳಬೇಕು

ಹೊಸ ಸ್ಟೆಂಟ್ ಅಥವಾ ಔಷಧಿಯ ಪ್ರಯೋಗ ಹಲವು ಆಸ್ಪತ್ರೆಗಳಲ್ಲಿ ನಡೆಯುವಾಗ ಎಲ್ಲ ಕಡೆಯ ಚಿತ್ರಗಳು ಕೋರ್ ಲ್ಯಾಬ್ ಎಂಬ ಒಂದೇ ಕೇಂದ್ರಕ್ಕೆ ಬರುತ್ತವೆ. ಅಲ್ಲಿ ಕುಳಿತು ಅವನ್ನು ಏಕರೂಪವಾಗಿ ಅಳೆಯುವ, ಕಳಪೆ ಚಿತ್ರ ಕಳಿಸಿದ ಆಸ್ಪತ್ರೆಯವರಿಗೆ ತಿಳಿಹೇಳುವ ಕೆಲಸ ಸೋನೋಗ್ರಾಫರುಗಳದ್ದು. ಸಂಶೋಧನೆ ಮತ್ತು ಬೋಧನೆ ಎರಡೂ ಸೇರಿದ ಕೆಲಸ ಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಆರಂಭ ನಾನು ಕಂಡಿಲ್ಲ. ಯಂತ್ರ ತಯಾರಿಸುವ ಕಂಪನಿಗಳಲ್ಲಿ ವೈದ್ಯರಿಗೆ ಬಳಕೆ ಕಲಿಸುವ ಅಪ್ಲಿಕೇಶನ್ ಸ್ಪೆಷಲಿಸ್ಟ್ ಹುದ್ದೆ ಇದೆ; ಸಂಬಳ ಚೆನ್ನಾಗಿದೆ, ತಿರುಗಾಟ ಹೆಚ್ಚು. ವಿಶ್ವವಿದ್ಯಾಲಯದಲ್ಲಿ ನೆಲೆಗೊಳ್ಳಬೇಕಾದರೆ ಪಿಎಚ್‌ಡಿ ಬೇಕೇ ಬೇಕು. ಬ್ರಿಟನ್ನಿನಲ್ಲಿ ಆರೋಗ್ಯ ವೃತ್ತಿಪರರು ಕೆಲಸ ಬಿಡದೆಯೇ ಸಂಶೋಧನೆ ಮಾಡಲು ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ಆರ್‌ನ ಫೆಲೋಶಿಪ್‌ಗಳಿವೆ. ಭಾರತದಲ್ಲಿ ಸಂಶೋಧನೆಗೆ ಹಣ ಕೊಡುವ ಐಸಿಎಂಆರ್ ಮತ್ತು ಇಂಡಿಯಾ ಅಲಯನ್ಸ್‌ನ ಪ್ರಕಟಣೆಗಳ ಮೇಲೆ ಕಣ್ಣಿಡಿ.

ಮಾರ್ಗದರ್ಶಕರಿಗೆ ಬರೆಯುವ ಮೊದಲ ಇಮೇಲ್‌ನಲ್ಲಿ ನಿಮ್ಮ ಅಂಕಪಟ್ಟಿಯ ವಿವರ ಬೇಡ. ಅವರ ಒಂದು ಪ್ರಬಂಧವನ್ನು ಓದಿ, ಅದರಲ್ಲಿ ನಿಮಗೆ ಎದ್ದ ಒಂದು ಪ್ರಶ್ನೆಯನ್ನು ಎರಡು ಸಾಲಿನಲ್ಲಿ ಬರೆಯಿರಿ. ನೀವು ಯಾವ ಯಂತ್ರದಲ್ಲಿ, ಯಾವ ಬಗೆಯ ಪರೀಕ್ಷೆಗಳನ್ನು, ಎಷ್ಟು ಕಾಲದಿಂದ ಮಾಡುತ್ತಿದ್ದೀರಿ ಎಂದು ಇನ್ನೆರಡು ಸಾಲು. ನಿಮ್ಮ ಪುನರಾವರ್ತನೆ ಅಧ್ಯಯನದ ಒಂದು ಪುಟದ ಸಾರಾಂಶವನ್ನು, ಬ್ಲಾಂಡ್-ಆಲ್ಟ್‌ಮನ್ ನಕ್ಷೆಯ ಸಮೇತ, ಲಗತ್ತಿಸಿ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಆಮೇಲೂ ಬರದಿದ್ದರೆ ಇನ್ನೊಬ್ಬರಿಗೆ ಬರೆಯಿರಿ.